ಬಳೆಗಾರರ ಗುಂಡಿನ ಮೂರು ತೂತು

ಶೇಕ್ದಾರರು ಗಾಡಿ ಇಳಿದು ಬಂದಾಗ ನಾವು ಬಿ.ಜಿ. ಕೆರೆ ಹತ್ತಿರ ಒಂದು ಬಾವಿಗೆ ಕಲ್ಲು ಕಟ್ಟುತ್ತಿದ್ದೆವು. ಹೋಬಳಿಯ ಕಂದಾಯ ನೋಡುವವರು ಬಾವಿ ಹತ್ತಿರ ಯಾಕೆ ಬಂದರು ಅಂತ ಎಲ್ಲರೂ ಸುತ್ತಿಗೆ ಕೆಳಗಿಟ್ಟೆವು. ಅವರು ಮಾವನನ್ನು ಕರೆದರು. ಮಾವ ಅಂದರೆ ನನ್ನ ಅವ್ವನ ತಮ್ಮ, ನಮ್ಮ ಆರು ಜನರ ತಂಡಕ್ಕೆ ಮೇಸ್ತ್ರಿ.

"ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಒಬ್ರು ದೊರೆಸಾನಿ ಬರ್ತಾ ಅವ್ರೆ. ವಯಸ್ಸಾದೋರು. ಇನ್ನು ಹನ್ನೆರಡು ದಿನ ಐತೆ. ಅಷ್ಟ್ರಾಗೆ ಮೆಟ್ಲು ಸರಿ ಮಾಡ್ಬೇಕು. ಮೇಲೆ ಬಳೆಗಾರರ ಗುಂಡಿನ ಮೇಲೆ ನೆರಳಿಗೆ ಒಂದು ಚಪ್ಪರ ಹಾಕ್ಬೇಕು."

"ಎಲ್ಲಿಂದ ಬರ್ತಾ ಅವ್ರೆ ಸ್ವಾಮಿ?"

"ಸಮುದ್ರದ ಆಚೆಯಿಂದ. ಲೋಕ ನೋಡಾಕೆ ಹೊರಟೋರು. ಈಜಿಪ್ಟಂತೆ, ಕಾಶಿಯಂತೆ, ಎಲ್ಲಾ ನೋಡ್ಕಂಡು ಇಲ್ಲಿಗೆ ಬರ್ತಾರಂತೆ. ಬೆಟ್ಟದ ಮೇಲೆ ಹಳೇ ಅಕ್ಷರ ಐತಲ್ಲ, ಅದನ್ನ ನೋಡಾಕೆ."

"ಕಲ್ಲು ನೋಡಾಕಾ?" ಮಾವ ನಕ್ಕ. "ಅವ್ರೂರಾಗೆ ಕಲ್ಲಿಲ್ವೇನ್ರಿ?"

"ಕೇಳಾಕೆ ನಾನ್ಯಾರಯ್ಯ? ಮಾಡ್ತೀಯೋ ಇಲ್ವೋ ಹೇಳು."

"ಮಾಡ್ತೀನಿ" ಅಂದ ಮಾವ. ಅವನು ಒಂದು ಸಲ ಹೂಂ ಅಂದರೆ ಮುಗಿಯಿತು. ಮಾತು ತಪ್ಪಿದ ಮೇಸ್ತ್ರಿಯನ್ನು ಇನ್ನೊಂದು ಕೆಲಸಕ್ಕೆ ಯಾರೂ ಕರೆಯುವುದಿಲ್ಲ.

ಹರಕೆ ಇದ್ದರೆ ನಾವು ಬೆಟ್ಟ ಹತ್ತುತ್ತೇವೆ. ನೆಂಟರಿದ್ದರೆ ಊರು ಬಿಡುತ್ತೇವೆ. ಎರಡೂ ಇಲ್ಲದೆ, ಬರೀ ನೋಡುವುದಕ್ಕೆ ಒಬ್ಬರು ಮನೆ ಬಿಟ್ಟು ಇಷ್ಟು ದೂರ ಬರುತ್ತಾರೆ ಅನ್ನುವುದು ನನಗೆ ಗೊತ್ತಾದದ್ದು ಆವತ್ತೇ. ಅದು ಹುಚ್ಚು ಅಂತ ನಾನೂ ಅಂದುಕೊಂಡೆ.

ಮಾರನೆಯ ದಿನ ಬೆಟ್ಟದ ಬುಡದಲ್ಲಿ ಕುಲುಮೆ ಹೂಡಿದೆವು. ಆ ಬೆಟ್ಟದ ಕಲ್ಲು ಗಟ್ಟಿ. ಹೊಸ ಉಳಿ ಒಂದು ಹೊತ್ತು ತಡೆಯುವುದಿಲ್ಲ, ಮೊಂಡಾಗುತ್ತದೆ. ಮೊಂಡಾದ ಉಳಿಗಳನ್ನು ಗೋಣಿಯಲ್ಲಿ ಕಟ್ಟಿ ಕೆಳಗೆ ಕಳಿಸಬೇಕು, ಕಾಸಿ, ಬಡಿದು, ನೀರಿಗೆ ಅದ್ದಿ ಮತ್ತೆ ಮೇಲಕ್ಕೆ ಹೊರಬೇಕು. ಅದ್ದುವುದರಲ್ಲೇ ಇರುವುದು ಎಲ್ಲ. ಕಾದ ತುದಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ ಕೂಡಲೇ ಅದ್ದಬೇಕು. ಅದಕ್ಕೆ ಮೊದಲು ಅದ್ದಿದರೆ ಉಳಿ ಚಿಟಕ್ಕನೆ ಮುರಿಯುತ್ತದೆ. ನೀಲಿ ಬರುವ ತನಕ ಕಾದರೆ ಮೆತ್ತಗಾಗಿ ಬಗ್ಗುತ್ತದೆ.

ಹಳೆಯ ಮೆಟ್ಟಿಲುಗಳು ಮೊಣಕಾಲೆತ್ತರ ಇದ್ದವು. ಭಕ್ತರಿಗೆ ಅದು ಸಾಕು. ಮುದುಕಿಗೆ ಸಾಲದು. ಎರಡು ಮೆಟ್ಟಿಲ ನಡುವೆ ಒಂದು ಅರ್ಧ ಮೆಟ್ಟಿಲು ಕೂರಿಸುತ್ತ ಹೋದೆವು. ಪ್ರತಿ ಕಲ್ಲೂ ಒಂದು ಬೆರಳಷ್ಟು ಬೆಟ್ಟದ ಕಡೆಗೆ ವಾಲಿರಬೇಕು, ಇಲ್ಲದಿದ್ದರೆ ಕಾಲು ಜಾರುತ್ತದೆ. ನಾಲ್ಕನೆಯ ದಿನ ಮೇಲಕ್ಕೆ ಎಳೆಯುತ್ತಿದ್ದ ಒಂದು ಚಪ್ಪಡಿಯ ಹಗ್ಗ ಹರಿಯಿತು. ನಾವು ಪಕ್ಕಕ್ಕೆ ಹಾರಿದೆವು. ಚಪ್ಪಡಿ ಉರುಳಿಕೊಂಡು ಹೋಗಿ, ಹಿಂದಿನ ದಿನ ಕೂರಿಸಿದ್ದ ಒಂಬತ್ತು ಮೆಟ್ಟಿಲನ್ನು ಕಿತ್ತುಕೊಂಡು ಕೆಳಗೆ ಬಿತ್ತು. ಯಾರಿಗೂ ಏಟಾಗಲಿಲ್ಲ. ಒಂದು ದಿನ ಹೋಯಿತು.

"ದೊರೆಸಾನಿ ಬರಾಕೆ ಮುಂಚೆ ಕಲ್ಲೇ ಕೆಳಗೆ ಹೋಗಿ ಕರ್ಕಂಡು ಬರ್ತೈತೆ ಕಣ್ರಲೇ" ಅಂದ ಮಾವ. ಯಾರೂ ನಗಲಿಲ್ಲ.

ಏಳನೆಯ ದಿನ ಸಂಜೆಗೆ ಮೇಲೆ ಮುಟ್ಟಿದೆವು. ಅಲ್ಲಿ ದಾರಿಗೆ ಅಡ್ಡವಾಗಿ ಒಂದು ಗುಂಡುಕಲ್ಲು. ಯಾವ ಕಾಲದಲ್ಲೋ ಜಾರಿ ಬಂದು ನಿಂತದ್ದು. ಜನ ಅದರ ಪಕ್ಕದ ಸಂದಿಯಲ್ಲಿ ಹೊಟ್ಟೆ ಎಳೆದುಕೊಂಡು ನುಸುಳುತ್ತಿದ್ದರು. ದೊಡ್ಡ ಲಂಗ ತೊಟ್ಟ ಮುದುಕಿ ನುಸುಳಲಾರಳು. ಅದನ್ನು ದಾಟಿದರೆ ಬಳೆಗಾರರ ಗುಂಡು. ಹೆಸರಿಗೆ ಗುಂಡು, ನಿಂತ ಕಲ್ಲಲ್ಲ. ದೇವಸ್ಥಾನದ ಮೆಟ್ಟಿಲ ಬುಡದಲ್ಲಿ ಇಳಿಜಾರಾಗಿ ಮಲಗಿದ ಬಂಡೆ. ವರ್ಷಕ್ಕೊಮ್ಮೆ ಬೆಟ್ಟಕ್ಕೆ ಜನ ಸೇರುವಾಗ ಬಳೆ ಮಾರುವವರು ಅದರ ಮೇಲೆ ನೆರಳು ಕಟ್ಟಿ ಕೂರುತ್ತಾರೆ. ಗಳ ನಿಲ್ಲಿಸುವುದಕ್ಕೆ ಬಂಡೆಗೇ ತೂತು ಹೊಡೆಸುತ್ತಾರೆ. ತಲೆತಲಾಂತರದಿಂದ ಹೊಡೆಸಿದ್ದಾರೆ. ಅದರಲ್ಲಿ ಮೂರು ತೂತು ನನ್ನವು. ನನಗೆ ಹದಿನಾಲ್ಕು ತುಂಬಿದಾಗ ಒಬ್ಬನೇ ಹೊಡೆದ ಮೊದಲ ಕೆಲಸ ಅದು. ಬಳೆಗಾರ ಅವ್ವನಿಗೆ ಒಂದು ಡಜನ್ ಹಸಿರು ಬಳೆ ಕೊಟ್ಟಿದ್ದ. ಅವ್ವ ಅದನ್ನು ತೊಟ್ಟುಕೊಂಡು ಊರೆಲ್ಲ ಕೈ ತೋರಿಸಿ ಬಂದಿದ್ದಳು.

ದೊರೆಸಾನಿ ನೋಡಲು ಬರುವ ಅಕ್ಷರ ಯಾವುದು ಅಂತ ನಾವು ಯೋಚಿಸಿಯೇ ಇರಲಿಲ್ಲ. ಗುಡಿಯ ಮುಂದೆ ಕನ್ನಡದ ಶಾಸನದ ಕಲ್ಲಿದೆ, ಅದೇ ಇರಬೇಕು ಅಂದುಕೊಂಡಿದ್ದೆವು. ಬಳೆಗಾರರ ಗುಂಡು ಕೂತು ದಣಿವಾರಿಸಿಕೊಳ್ಳುವ ಜಾಗ, ಅಷ್ಟೇ.

"ನಾಳೆ ದಾರಿಗೆ ಅಡ್ಡ ಇರೋ ಆ ಗುಂಡಿಗೆ ಬೆಂಕಿ ಹಾಕಾಣ" ಅಂದ ಮಾವ. ಅದು ನಮ್ಮ ಹಳೆಯ ವಿದ್ಯೆ. ಕಲ್ಲಿನ ಸುತ್ತ ಜಾಲಿ ಸೌದೆ ಒಟ್ಟಿ, ಬೆಂಕಿ ಹಾಕಿ, ಕಲ್ಲು ಚೆನ್ನಾಗಿ ಕಾದ ಮೇಲೆ ತಣ್ಣೀರು ಸುರಿದರೆ ಅದು ತಾನೇ ಪದರ ಪದರವಾಗಿ ಬಿಡುತ್ತದೆ. ಬೆಣೆ ಹೊಡೆದು ಸೀಳುವುದಕ್ಕಿಂತ ಬೇಗ.

ಎಂಟನೆಯ ದಿನ ಬೆಳಗಿನ ಜಾವ ನಾನು ಎಲ್ಲರಿಗಿಂತ ಮುಂಚೆ ಹತ್ತಿದೆ. ಸೌದೆ ಒಟ್ಟಲು ಜಾಗ ಗುಡಿಸಬೇಕಿತ್ತು. ತಂಗಡಿ ಗಿಡದ ಪೊರಕೆ ಕಟ್ಟಿಕೊಂಡು ಬಂಡೆಯ ಮೇಲಿದ್ದ ಮಣ್ಣು, ಮೇಕೆ ಹಿಕ್ಕೆ, ಒಡೆದ ಬಳೆ ಚೂರು ಎಲ್ಲ ಗುಡಿಸಿದೆ. ಅಷ್ಟರಲ್ಲಿ ಸೂರ್ಯ ಬಯಲಿನ ಅಂಚಿಗೆ ಬಂದ. ಬೆಳಕು ನೆಲಕ್ಕೆ ಒರಗಿಕೊಂಡು ಬಂಡೆಯ ಮೇಲೆ ಹರಿಯಿತು.

ಬಂಡೆಗೆ ಮೈ ಜುಮ್ಮಂದು ರೋಮ ಎದ್ದ ಹಾಗಾಯಿತು.

ಮೊದಲು ಒಂದು ಗೀರು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಒಂದು ಸಾಲು. ಅದರ ಕೆಳಗೆ ಸಾಲು, ಅದರ ಕೆಳಗೆ ಸಾಲು. ಒಂದೊಂದು ಅಕ್ಷರವೂ ಬೆರಳುದ್ದ. ಕೂಡಿಸುವ ಗುರುತಿನ ಹಾಗೆ ಒಂದು, ಕೊಕ್ಕೆಯ ಹಾಗೆ ಒಂದು, ಬರೀ ಒಂದು ನೆಟ್ಟ ಗೆರೆ. ಊರಿನ ಮಠದಲ್ಲಿ ಎರಡು ವರ್ಷ ಮರಳ ಮೇಲೆ ತಿದ್ದಿದವನು ನಾನು. ಕನ್ನಡವೂ ಅಲ್ಲ, ತೆಲುಗೂ ಅಲ್ಲ ಅಂತ ಮಾತ್ರ ಗೊತ್ತಾಯಿತು. ಎಷ್ಟು ಸಲ ಈ ಬಂಡೆಯ ಮೇಲೆ ಕೂತು ರೊಟ್ಟಿ ತಿಂದಿದ್ದೆ. ಬಿಸಿಲು ನೆತ್ತಿಗೆ ಬಂದ ಮೇಲೆ ಬರುತ್ತಿದ್ದೆ, ಬಂಡೆಯ ಮೇಲೆ ಮಣ್ಣೂ ಕೂತಿರುತ್ತಿತ್ತು, ಅದಕ್ಕೇ ತೂತು ಹೊಡೆದಾಗಲೂ ಕಂಡಿರಲಿಲ್ಲ. ನಡುವಿನ ಸಾಲುಗಳಲ್ಲಿ ಅಲ್ಲಲ್ಲಿ ಗುಂಡನೆಯ ಕಪ್ಪು ತೂತುಗಳು. ಮೂರು ತೂತು ಒಂದೇ ಸಾಲಿನಲ್ಲಿ ಇದ್ದವು. ಅಂಚು ಇನ್ನೂ ಚೂಪು. ಅವು ಯಾರವು ಅಂತ ಯಾರನ್ನೂ ಕೇಳಬೇಕಿರಲಿಲ್ಲ.

ಪೊರಕೆ ಹಿಡಿದುಕೊಂಡೇ ಕೂತೆ. ಕಾಲು ಎಲ್ಲಿಡಬೇಕು ಅಂತ ತಿಳಿಯಲಿಲ್ಲ.

ಮಾವ ಸೌದೆ ಹೊರೆಯ ಜೊತೆ ಬಂದಾಗ ಸೂರ್ಯ ಆಳೆತ್ತರ ಏರಿದ್ದ. ಬಂಡೆ ಮತ್ತೆ ಬರೀ ಬಂಡೆ.

"ಅಕ್ಷರ ಅವೆ ಮಾವ, ಇಲ್ಲಿ. ದೊರೆಸಾನಿ ನೋಡೋದು ಇದನ್ನೇ."

"ಎಲ್ಲೋ? ನಂಗೇನೂ ಕಾಣವಲ್ದು. ಬಿಸಿಲು ಏರೋದ್ರೊಳಗೇ ತಲೆ ಕಾದೈತಾ ನಿಂಗೆ?"

ಕುಡಿಯುವ ನೀರಿನ ಕೊಡ ಎತ್ತಿ ಬಂಡೆಯ ಮೇಲೆ ಸುರಿದೆ. ನೀರು ಇಳಿಜಾರಿನಲ್ಲಿ ಓಡಿಹೋಯಿತು. ಗೀರುಗಳಲ್ಲಿ ಮಾತ್ರ ನಿಂತು ಮಿಂಚಿತು. ಮಾವ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಇರುವೆ ಸಾಲು ಹೋದಂಗೈತೆ" ಅಂದ. ಆಮೇಲೆ "ಆಯ್ತು, ಐತೆ. ಏನೀಗ? ನಾವು ಬೆಂಕಿ ಹಾಕೋದು ಗುಂಡಿಗೆ. ಇದಕ್ಕಲ್ಲ."

"ಗುಂಡು ಕೂತಿರೋದು ಇದೇ ಬಂಡೆ ಮೇಲೆ. ಕಾವು ಕೆಳಗೆ ಇಳೀತೈತೆ. ಚಕ್ಕೆ ಏಳ್ತೈತೆ."

"ನಂಗೆ ಕಲ್ಲು ಕಲಿಸ್ತೀಯೇನಲೇ?"

ನಾನು ಸುತ್ತಿಗೆಯ ಹಿಂಬದಿಯಿಂದ ಬಂಡೆ ತಟ್ಟಿದೆ. ಗುಂಡಿನ ಬುಡದಲ್ಲಿ ಟಣ್ ಅಂದಿತು. ಎರಡು ಹೆಜ್ಜೆ ಈಚೆ ಬಂದು ತಟ್ಟಿದೆ. ಟಣ್. ಅಕ್ಷರಗಳ ಹತ್ತಿರ ಬಂದು ತಟ್ಟಿದೆ. ಡಬ್ ಅಂದಿತು. ಒಳಗೆ ಪದರ ಆಗಲೇ ಬಿಟ್ಟಿತ್ತು. ಅಕ್ಷರ ಇರುವ ಮೈ ರೊಟ್ಟಿಯ ಹೊಪ್ಪಳೆಯ ಹಾಗೆ ಮೇಲೆ ಕೂತಿತ್ತು. ಒಂದು ಹೊರೆ ಸೌದೆಯ ಬೆಂಕಿ ಸಾಕು, ಅಷ್ಟೂ ಎದ್ದು ಬರುತ್ತಿತ್ತು.

ಮಾವನ ಮುಖ ಇಳಿಯಿತು. "ನಂಗೂ ಕಿವಿ ಐತೆ ಕಣಲೇ. ಸಾಕು, ತಟ್ಟಬ್ಯಾಡ."

"ಬೆಣೆ ಹೊಡ್ದು ಸೀಳಿದ್ರೆ?" ಅಂದ ನಮ್ಮವನೊಬ್ಬ.

"ಸೀಳಿದ ಹೋಳು ಎಲ್ಲಿಗೆ ಉರುಳ್ತೈತೆ? ನೇರ ಇದ್ರ ಮೇಲೇ" ಅಂದೆ. "ಗುಂಡು ಅಲ್ಲೇ ಇರ್ಲಿ. ಆ ಕಡೆಯಿಂದ ದಾರಿ ಮಾಡಾಣ."

ಆ ಕಡೆ ಅಂದರೆ ಎರಡಾಳು ಆಳದ ಇಳುಕಲು. ತಳದಿಂದ ಕಲ್ಲಿನ ಕಟ್ಟೆ ಎಬ್ಬಿಸಿ ಮೇಲೆ ಮೆಟ್ಟಿಲು ಕೂರಿಸಬೇಕು. ಮಾವನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ಪಿಚ್ಚೋಡಾ!" ಅಂತ ಕೂಗಿದ, ಹುಚ್ಚ ಅಂತ. "ನಾಲ್ಕು ದಿನ ಐತೆ ಇನ್ನ. ನಾನು ಮಾತು ಕೊಟ್ಟೀನಿ. ಆ ಮುದುಕಿ ಇಲ್ಲಿ ತನಕ ಬಂದು ಈ ಸಂದಿ ನೋಡ್ಕಂಡು ವಾಪಸ್ ಹೋದ್ರೆ ನನ್ನ ಮಖ ಎಲ್ಲಿಡ್ಲಿ?"

"ಅವ್ರು ಬಂದು ದಾಟಿದಾಗ ಇಲ್ಲಿ ಅಕ್ಷರನೇ ಇಲ್ದಿದ್ರೆ?"

ಮಾವ ಸೌದೆ ಹೊರೆಯ ಮೇಲೆ ಕೂತ. ಎಲೆ ಅಡಿಕೆ ಹಾಕಿಕೊಂಡ. ಉಗಿಯಲು ಎದ್ದವನು ಬಂಡೆ ಬಿಟ್ಟು ದೂರ ಹೋಗಿ ಉಗಿದು ಬಂದ. ಹಿಂದೆ ಅವನು ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

"ಮೂರು ದಿನ" ಅಂದ. "ನಾಲ್ಕನೇ ದಿನ ಬೆಳಗ್ಗೆ ದಾರಿ ಆಗಿರ್ಲಿಲ್ಲ ಅಂದ್ರೆ ನಾನೇ ಬೆಂಕಿ ಹಾಕ್ತೀನಿ. ಆಮೇಲೆ ಅಕ್ಷರ ಗಿಕ್ಷರ ಅನ್ಬ್ಯಾಡ."

ಆ ಮೂರು ದಿನ ನಾವು ಮಾಡಿದ ಕೆಲಸವನ್ನು ಈಗ ನೆನೆದರೂ ಹೆಗಲು ನೋಯುತ್ತದೆ. ತಳದಲ್ಲಿ ದೊಡ್ಡ ಕಲ್ಲುಗಳನ್ನು ಹಾರೆಯಿಂದ ಮೀಟಿ ಕೂರಿಸಿದೆವು. ಗಾರೆ ಇಲ್ಲ, ಬರೀ ಕಲ್ಲಿಗೆ ಕಲ್ಲು. ಪ್ರತಿ ಸಾಲೂ ಕೆಳಗಿನ ಸಾಲಿಗಿಂತ ನಾಲ್ಕು ಬೆರಳು ಹಿಂದಕ್ಕೆ. ಸಂದಿಗೆ ಚಕ್ಕೆ ತುರುಕಿ, ಮೇಲೆ ಹತ್ತಿ ಕುಣಿದು ನೋಡುವುದು. ಅಲುಗಿದರೆ ಕಿತ್ತು ಮತ್ತೆ. ಮಧ್ಯಾಹ್ನ ಸಜ್ಜೆ ರೊಟ್ಟಿ, ಹುಚ್ಚೆಳ್ಳು ಚಟ್ನಿ. ರೊಟ್ಟಿ ಹಿಡಿದ ಬೆರಳು ಮಡಚಲು ಬರುತ್ತಿರಲಿಲ್ಲ. ಮೂರನೆಯ ದಿನ ಹೊತ್ತು ಇಳಿಯುವ ಮುಂಚೆ ಹನ್ನೊಂದನೆಯ ಮೆಟ್ಟಿಲು ಕೂತಿತು. ಮಾವ ಒಂದೊಂದರ ಮೇಲೂ ನಿಂತು ಹಿಮ್ಮಡಿ ಗುದ್ದಿದ. ಆಮೇಲೆ ಸೌದೆ ಹೊರೆಯನ್ನು ಕುಲುಮೆಗೆ ಹೊತ್ತುಕೊಂಡು ಹೋಗಲು ಹೇಳಿದ.

ಚಪ್ಪರ ಉಳಿಯಿತು. ನಾಲ್ಕು ಗಳ ನಿಲ್ಲಿಸಬೇಕು. ಹಳೆಯ ತೂತುಗಳಲ್ಲೇ ನಿಲ್ಲಿಸಿದರೆ ಗಾಳಿಗೆ ಗಳ ಅಲ್ಲಾಡಿ ಅಂಚು ಒಡೆಯುತ್ತದೆ, ಪದರ ಬಿಟ್ಟ ಬಂಡೆ. ಹೊಸ ತೂತಿನ ಮಾತು ಮಾವನೂ ಎತ್ತಲಿಲ್ಲ. ಅವ್ವನ ಒರಳು ನೆನಪಿಗೆ ಬಂತು. ಅದನ್ನು ನೆಲದಲ್ಲಿ ಹೂತಿರಲಿಲ್ಲ, ತನ್ನ ಭಾರಕ್ಕೇ ಕೂತಿತ್ತು. ಬಂಡೆಗೆ ತೂತು ಹೊಡೆಯುವುದೇಕೆ? ಬಿಡಿಗಲ್ಲಿಗೆ ತೂತು ಹೊಡೆದು ಆ ಕಲ್ಲನ್ನೇ ತಂದಿಟ್ಟರಾಯಿತು. ಅಕ್ಷರ ಇರುವ ಜಾಗ ಬಿಟ್ಟು, ಟಣ್ ಅನ್ನುವ ಕಡೆ ಇಟ್ಟರಾಯಿತು.

ಹನ್ನೊಂದನೆಯ ದಿನ ಅದಕ್ಕೆ ಕೂತೆ. ಮೂರು ಕಲ್ಲು ಆಯಿತು. ನಾಲ್ಕನೆಯದು ತೂತು ಗೇಣುದ್ದ ಇಳಿದ ಮೇಲೆ ಟಪ್ಪಂತ ಎರಡು ಹೋಳಾಯಿತು. ಹೊತ್ತು ಪಡುವಣಕ್ಕೆ ವಾಲಿತ್ತು. ಸುತ್ತಿಗೆ ಎಸೆದುಬಿಟ್ಟೆ. ಮಾವ ಅದನ್ನು ಎತ್ತಿಕೊಂಡು ಬಂದು ಇನ್ನೊಂದು ಕಲ್ಲು ಹೊರಳಿಸಿ ಕೂತ.

"ಉಳಿ ತಿರುಗಿಸ್ತಾ ಇರು. ಏಟು ನಂದು. ನಿಂಗೆ ಆತುರ ಜಾಸ್ತಿ, ಅದಕ್ಕೇ ಒಡೀತೈತೆ."

"ಮೂರು ಒಡೀಲಿಲ್ವಲ್ಲ."

"ಬಾಯಿ ಮುಚ್ಚಲೇ. ತಿರುಗಿಸು."

ಹನ್ನೆರಡನೆಯ ದಿನ ದೊರೆಸಾನಿ ಚಳ್ಳಕೆರೆ ಕಡೆಯಿಂದ ಕಮಾನು ಗಾಡಿಯಲ್ಲಿ ಬಂದರು. ಎಪ್ಪತ್ತರ ಮೇಲಿರಬೇಕು. ತಲೆಗೆ ಟೋಪಿ, ಕೈಯಲ್ಲಿ ಕೋಲು, ಒಂದು ಮೊಣಕಾಲು ಬಗ್ಗುತ್ತಿರಲಿಲ್ಲ. ಮಾತು ತಿಳಿಸಲು ಜೊತೆಗೆ ಒಬ್ಬ ಮುನ್ಷಿ. ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದರು. ದಣಿವಿಗೆ ಅಂತ ನಾನು ಅಂದುಕೊಂಡೆ. ಅಲ್ಲ, ತಿರುಗಿ ನೋಡುತ್ತಿದ್ದರು. ಗುಂಡಿನ ಹತ್ತಿರ ಬಂದು ನಮ್ಮ ಹನ್ನೊಂದು ಮೆಟ್ಟಿಲು ಹತ್ತಿ ಈಚೆ ಇಳಿದಾಗ ಮಾವ ಹಿಡಿದಿದ್ದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಅವರು ಕೂರಲಿಲ್ಲ. ಬಯಲ ಕಡೆ ನೋಡುತ್ತ ಏನೋ ಹೇಳಿದರು. ಮುನ್ಷಿ ನಮ್ಮ ಕಡೆ ತಿರುಗಿ, "ಇಷ್ಟೊಂದು ಬಯಲನ್ನೂ ಇಷ್ಟೊಂದು ಆಕಾಶವನ್ನೂ ಒಟ್ಟಿಗೆ ನೋಡಿದ್ದು ಕಡಿಮೆ ಅಂತಾರೆ" ಅಂದ.

ನಾನೂ ನೋಡಿದೆ. ಹನ್ನೆರಡು ದಿನ ಅಲ್ಲೇ ಇದ್ದು ಕಲ್ಲು ಬಿಟ್ಟು ಬೇರೆ ನೋಡಿರಲಿಲ್ಲ. ಕೆಳಗೆ ಹೊಲಗಳು, ಕನ್ನಡಿ ಚೂರಿನ ಹಾಗೆ ಅಲ್ಲೊಂದು ಇಲ್ಲೊಂದು ಕೆರೆ, ಎದುರಿಗೆ ಬ್ರಹ್ಮಗಿರಿ, ಅದರ ಆಚೆ ಬೆಟ್ಟದ ಹಿಂದೆ ಬೆಟ್ಟ ತೆಳ್ಳಗಾಗುತ್ತ ಹೋಗಿ ಕೊನೆಗೆ ಯಾವುದು ಬೆಟ್ಟ ಯಾವುದು ಮೋಡ ತಿಳಿಯುತ್ತಿರಲಿಲ್ಲ. ನಮ್ಮೂರು ಇಷ್ಟು ದೊಡ್ಡ ಜಾಗದಲ್ಲಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಅವರು ಚಪ್ಪರದ ಕೆಳಗೆ, ಅಕ್ಷರಗಳ ಅಂಚಿಗೆ, ಬರೀ ಬಂಡೆಯ ಮೇಲೆ ಕೂತರು. ಮುನ್ಷಿ ಕೆಲಸಕ್ಕೆ ಇಳಿದ. ಬಂಡೆಯನ್ನು ಕುಂಚದಿಂದ ತೊಳೆದು, ಒದ್ದೆ ಮಾಡಿದ ಕಾಗದ ಹಾಸಿದ. ಬಿರುಸು ಕುಂಚದಿಂದ ಮೆಲ್ಲಗೆ ಬಡಿಯುತ್ತ ಹೋದ, ಕಾಗದ ಒಂದೊಂದೇ ಗೀರಿನೊಳಗೆ ಇಳಿಯಿತು. ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೇಲೆ ಒತ್ತಿದ. ಕಾಗದ ಕಪ್ಪಾಯಿತು. ಗೀರಿನೊಳಗೆ ಇಳಿದ ಕಡೆ ಬೆಳ್ಳಗೆ ಉಳಿಯಿತು. ಅಕ್ಷರಗಳು ಕತ್ತಲಿನಿಂದ ಹೊರಗೆ ಬಂದು ನಿಂತವು. ನೆತ್ತಿಯ ಬಿಸಿಲಿನಲ್ಲೂ ನಿಂತವು. ನಾನು ಬಾಯಿ ತೆರೆದುಕೊಂಡು ನೋಡುತ್ತಿದ್ದೆ ಅಂತ ಮಾವ ಆಮೇಲೆ ಹೇಳಿದ. ಅವನದೂ ತೆರೆದಿತ್ತು.

ನಡುವಿನ ಸಾಲಿಗೆ ಬಂದಾಗ ಕಾಗದ ಹರಿಯಿತು. ಒಂದು ಕಡೆ, ಅದರ ಪಕ್ಕ ಇನ್ನೊಂದು ಕಡೆ, ಮತ್ತೊಂದು ಕಡೆ. ಕುಂಚ ಬಡಿದಂತೆ ಕಾಗದ ತೂತಿನೊಳಗೆ ಕುಸಿದು ಬಾಯಿ ಬಿಟ್ಟಿತು.

ದೊರೆಸಾನಿ ಬಗ್ಗಿ ಅಲ್ಲಿ ಬೆರಳಿಟ್ಟು ಏನೋ ಕೇಳಿದರು. ಮುನ್ಷಿ ತಲೆ ಅಲ್ಲಾಡಿಸಿ ಉತ್ತರ ಕೊಟ್ಟ.

"ಏನಂದ್ರಿ?" ಅಂತ ಕೇಳಿದೆ.

"ಇಲ್ಲಿ ಏನು ಬರೆದಿತ್ತು ಅಂತ ಕೇಳಿದರು. ತಿಳಿಯೋದಿಲ್ಲ, ಎರಡು ಸಾವಿರ ವರ್ಷದ ಹಿಂದೆ ಉತ್ತರದ ಒಬ್ಬ ದೊಡ್ಡ ಅರಸು ಬರೆಸಿದ್ದು, ಕಾಲದ ಹೊಡೆತಕ್ಕೆ ಹೋಗಿದೆ ಅಂದೆ."

ಎರಡು ಸಾವಿರ ವರ್ಷ. ಮಳೆ, ಬಿಸಿಲು, ಜನರ ಕಾಲು, ಮೇಕೆ ಗೊರಸು ಎಲ್ಲ ತಡೆದುಕೊಂಡು ಬಂದದ್ದು ನನ್ನ ಉಳಿಯ ಕೆಳಗೆ ಸಿಕ್ಕಿತ್ತು. ಮಾವ ಹಿಂದಿನಿಂದ ನನ್ನ ರಟ್ಟೆ ಹಿಡಿದ. "ಸುಮ್ನಿರಲೇ. ಅವ್ರೇ ಹೇಳವ್ರಲ್ಲ, ಕಾಲ ಅಂತ."

"ಕಾಲ ಅಲ್ಲ" ಅಂದೆ. "ಆ ಮೂರು ನಾನು ಹೊಡೆದಿದ್ದು. ಹೇಳ್ರಿ ಅವ್ರಿಗೆ."

ಮುನ್ಷಿ ನನ್ನನ್ನೇ ನೋಡಿದ. "ಹೇಳಲೇಬೇಕಾ?"

"ಹೇಳ್ರಿ."

ಅವನು ಹೇಳಿದ. ದೊರೆಸಾನಿ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಬೈಗುಳಕ್ಕೆ ಕಾದು ನಿಂತಿದ್ದೆ. ಅವರು ಕೇಳಿದ್ದೇ ಬೇರೆ. ಒಂದು ತೂತಿಗೆ ಎಷ್ಟು ಹೊತ್ತು ಹಿಡಿಯಿತು? ಆಗ ಚಿಕ್ಕವನು, ಅರ್ಧ ದಿನ ಹಿಡಿಯಿತು ಅಂದೆ. ಏನು ಸಿಕ್ಕಿತು? ಅವ್ವನಿಗೆ ಒಂದು ಡಜನ್ ಬಳೆ ಅಂದೆ. ಅವು ಇವೆಯಾ? ಇಲ್ಲ, ಒಂದು ವರ್ಷದೊಳಗೇ ಒಡೆದುಹೋದವು ಅಂದೆ.

ಚಪ್ಪರದ ಸೊಪ್ಪು ಗಾಳಿಗೆ ಸರಸರ ಅಂದಿತು.

ಆಮೇಲೆ ಅವರು ಇನ್ನೊಂದು ಕೇಳಿದರು. ಮುನ್ಷಿ ಹೇಳಿದ, "ಈ ಅಕ್ಷರ ಕೊರೆದವನ ಬಗ್ಗೆ ನಿನಗೆ ಏನು ಕಾಣುತ್ತೆ ಅಂತ ಕೇಳ್ತಾರೆ. ಓದಿದವರು ಬಹಳ ಜನ ಬಂದಿದ್ದಾರೆ, ಕಲ್ಲಿನವರನ್ನ ಯಾರೂ ಕೇಳಿಲ್ಲ ಅಂತ."

ನಾನು ಬಗ್ಗಿ ಕೂತು ಒಂದೊಂದೇ ಗೀರಿಗೆ ಉಗುರು ಹಾಕಿ ನೋಡಿದೆ. ಬಹಳ ಸವೆದಿತ್ತು, ಕೆಲವು ಕಡೆ ಚೆನ್ನಾಗಿತ್ತು. "ಇಳಿಜಾರಿನ ಕೆಳಗೆ ಕೂತ್ಕಂಡು ಕೊರೆದವ್ನೆ. ಕಾಲಿಗೆ ಏನೋ ಕಲ್ಲು ಒತ್ತು ಕೊಟ್ಕಂಡಿರಬೇಕು, ಇಲ್ದಿದ್ರೆ ಜಾರ್ತೈತೆ. ಗಟ್ಟಿ ಏಟು ಹಾಕಿಲ್ಲ. ಸಣ್ಣ ಸಣ್ಣ ಏಟು, ಆತುರ ಇಲ್ದ ಕೈ. ಇಲ್ಲಿ ನೋಡ್ರಿ, ಗೀರು ಚೂಪು. ಬರ್ತಾ ಬರ್ತಾ ದಪ್ಪ ಆಗೈತೆ, ಉಳಿ ಮೊಂಡಾಗೈತೆ. ಇಲ್ಲಿಂದ ಮತ್ತೆ ಚೂಪು." ಆಗ ನನಗೆ ಕಂಡಿತು. "ಕಾಸ್ಕಂಡು ಬಂದವ್ನೆ. ಅವ್ನ ಕುಲುಮೆನೂ ಎಲ್ಲೋ ಕೆಳಗೇ ಇತ್ತು. ಅವ್ನೂ ಉಳಿ ಹೊತ್ಕಂಡು ಇಳಿದು ಹತ್ತವ್ನೆ."

ಮುನ್ಷಿ ಅದನ್ನು ಹೇಳುವಾಗ ದೊರೆಸಾನಿ ಕಣ್ಣು ಮುಚ್ಚಿಕೊಂಡು ಕೇಳಿದರು.

"ಅಷ್ಟು ಕಷ್ಟಪಟ್ಟು ಏನು ಬರ್ದವ್ನೆ ಸ್ವಾಮಿ?" ಅಂತ ಮಾವ ಕೇಳಿದ. "ನಿಧಿ ಗಿಧಿ ಏನಾರ?"

"ಇಲ್ಲಿ ಬಹಳ ಅಳಿಸಿದೆ. ಬ್ರಹ್ಮಗಿರಿಯ ಬಂಡೆಯಲ್ಲಿ ಇದೇ ಮಾತು ಚೆನ್ನಾಗಿ ಉಳಿದಿದೆ. ತಂದೆ ತಾಯಿ ಹೇಳಿದ್ದು ಕೇಳು. ಪ್ರಾಣಿಗಳ ಮೇಲೆ ದಯೆ ಇಡು. ನಿಜ ಹೇಳು. ಗುರು ಹಿರಿಯರಿಗೆ ಮರ್ಯಾದೆ ಕೊಡು."

"ಅಷ್ಟೇನಾ?"

"ಅಷ್ಟೇ."

ಮಾವ ನನ್ನ ಬೆನ್ನಿಗೆ ಗುದ್ದಿದ. "ಕೇಳಿಸ್ಕಂಡೇನಲೇ? ಹಿರೇರಿಗೆ ಮರ್ಯಾದೆ ಕೊಡು! ಕಲ್ಲಿನ ಮೇಲೆ ಬರ್ದವ್ರೆ. ನಾನು ಬಾಯಲ್ಲಿ ಹೇಳಿದ್ರೆ ನೀನು ಕೇಳ್ತಿರ್ಲಿಲ್ಲ."

"ನಿನ್ನ ಮಾತು ಕೇಳಿದ್ರೆ ಇದು ಸುಟ್ಟೋಗ್ತಿತ್ತು ಮಾವ."

ಬೆಂಕಿ ಹಾಕಲು ಹೊರಟಿದ್ದ ಕಥೆ ಕೇಳಿ ಮುನ್ಷಿ ನಕ್ಕ. ಏನು ಅಂತ ತಿಳಿದುಕೊಂಡು ದೊರೆಸಾನಿಯೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಮಾವನೇ.

ಹರಿದ ಕಾಗದ ಕೆಲಸಕ್ಕೆ ಬಾರದು, ಇನ್ನೊಂದೇ ಹಾಳೆ ಇದೆ ಅಂದ ಮುನ್ಷಿ. ಕುಲುಮೆಗೆ ಮೆತ್ತಲು ತಂದಿದ್ದ ಜೇಡಿಮಣ್ಣು ಕೆಳಗೆ ಇತ್ತು. ಓಡಿಹೋಗಿ ತಂದೆ. ಕಲಸಿ, ಮೂರು ತೂತಿಗೂ ತುಂಬಿ, ಮೇಲೆ ಒದ್ದೆ ಬಟ್ಟೆಯಿಂದ ಬಂಡೆಯ ಮಟ್ಟಕ್ಕೆ ಸಮ ಮಾಡಿದೆ. ಹಳೆಯ ತೂತುಗಳಿಗೂ ಹಾಗೇ ಮಾಡಿದೆ. ಸವರಿದರೆ ಬೆರಳಿಗೆ ಅಂಚು ಸಿಗುತ್ತಿರಲಿಲ್ಲ. ಮುನ್ಷಿ ಎರಡನೆಯ ಹಾಳೆ ಹಾಸಿ ಬಡಿದ. ಈ ಸಲ ಹರಿಯಲಿಲ್ಲ. ಒಣಗಿದ ಮೇಲೆ ತುದಿ ಹಿಡಿದು ಎತ್ತಿದೆವು, ಆ ಕಡೆ ಅವನು, ಈ ಕಡೆ ನಾನು. ಬಂಡೆ ತನ್ನ ಚರ್ಮವನ್ನೇ ಬಿಚ್ಚಿ ಕೊಟ್ಟ ಹಾಗೆ ಬಂತು. ಸಾಲು ಸಾಲು ಬಿಳಿ ಅಕ್ಷರ. ನಡುವೆ, ಎಲ್ಲಿ ಅಕ್ಷರ ಇರಬೇಕಿತ್ತೋ ಅಲ್ಲಿ, ಗುಂಡನೆಯ ಬರೀ ಕಪ್ಪು.

ದೊರೆಸಾನಿ ಅದನ್ನು ಮಡಿಲಲ್ಲಿ ಹಾಸಿಕೊಂಡು ಬಹಳ ಹೊತ್ತು ಕೂತರು. ಕೊನೆಗೆ ಬರೆಯುವ ಸೀಸದ ಕಡ್ಡಿ ತೆಗೆದು ನನ್ನ ಕಡೆ ಚಾಚಿದರು.

ಮುನ್ಷಿ ಹೇಳಿದ, "ಆ ಕಾಲದಲ್ಲಿ ಬರೆದವನು ಕೊನೆಗೆ ತನ್ನ ಹೆಸರು ಹಾಕಿದ್ದಾನಂತೆ. ದಾರಿ ಮಾಡಿದವನು ನೀನು, ಇದನ್ನ ಉಳಿಸಿದವನೂ ನೀನೇ. ಕೆಳಗೆ ನಿನ್ನ ಹೆಸರು ಹಾಕಬೇಕಂತೆ. ಸಮುದ್ರದ ಆಚೆ ತಮ್ಮ ಮನೆ ಗೋಡೆಗೆ ಇದನ್ನ ಹಾಕ್ತಾರಂತೆ."

ಮಾವ ಕಣ್ಣರಳಿಸಿದ. "ಹಾಕಲೇ! ಬರ್ಯಾಕೆ ಬರ್ತೈತಲ್ಲ ನಿಂಗೆ?"

ಬರುತ್ತಿತ್ತು. ಹೆಸರು ಬರೆಯುವಷ್ಟು ಮಠದಲ್ಲಿ ಕಲಿತಿದ್ದೆ. ಕಡ್ಡಿ ತೆಗೆದುಕೊಂಡೆ. ಕಾಗದ ನೋಡಿದೆ. ಕಡ್ಡಿಯನ್ನು ವಾಪಸ್ ಕೊಟ್ಟೆ.

"ಬ್ಯಾಡ ಅನ್ರಿ ಅವ್ರಿಗೆ" ಅಂದೆ. ನಡುವಿನ ಸಾಲಿನ ಆ ಮೂರು ಕಪ್ಪು ಗುಂಡುಗಳನ್ನು ತೋರಿಸಿದೆ. "ನಂದು ಆಗ್ಲೇ ಅಲ್ಲೈತೆ."